ಹುಲ್ಲು ಮೇಯಿಸುವವನು

ಆ ಆಷಾಢದಲ್ಲಿ ಮಳೆ ಹೊಳವೇ ಆಗಲಿಲ್ಲ. ಅಡಿಕೆ ಮರ ಹತ್ತಿ ಎರಡನೇ ಸಲ ಮದ್ದು ಹೊಡೆಯಲು ಬಂದ ಕೊನೆಗೌಡ ಜಗಲಿಯಲ್ಲಿ ಕೂತು ಕವಳ ಹಾಕಿ ವಾಪಸು ಹೋದ. ಹೀಗೇ ಮೂರು ದಿನ. ಮದ್ದೆಂದರೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಲೆಕ್ಕ ಎಷ್ಟು ಸರಿಯಿದ್ದರೂ ತೊಯ್ದ ಕೊನೆಗೆ ಮದ್ದು ಹಿಡಿಯುವುದಿಲ್ಲ. ಕೆಲವೇ ದಿನಗಳಲ್ಲಿ ತೋಟಕ್ಕೆ ಕೊಳೆರೋಗ ಬಂತು. ಆಯಿ ಬುಟ್ಟಿ ಹಿಡಿದು ಉದುರಿದ ಎಳೆಯಡಿಕೆ ಹೆಕ್ಕುತ್ತಿದ್ದಳು. ಕಾಯಿಯ ಮೇಲೆಲ್ಲ ಬಿಳಿ ಬೂಷ್ಟು. “ದೇವರಿಗೆ ನಮ್ಮ ನೆನಪೇ ಹೋತು” ಅಂದೆ. ತಲೆಯೆತ್ತದೆ ಕೇಳಿದಳು: “ಹುಟ್ಸಿದ ದೇವ್ರು ಹುಲ್ಲು ಮೇಸ್ತ್ನ ತಮಾ?”

ಕನ್ನಡ ನಾಡೆಲ್ಲ ಬಲ್ಲ ಗಾದೆ. ಹುಟ್ಟಿಸಿದವನು ಅನ್ನವನ್ನೂ ಕೊಡುತ್ತಾನೆ ಎಂಬುದು ರೂಢಿಯ ಅರ್ಥ. ನನಗೆ ಅದು ಎಂದೂ ಪೂರ್ತಿ ರುಚಿಸಿಲ್ಲ. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದು ಮನೆ, ತೋಟಗಳು ಹಾಳಾದವು. ಅಲ್ಲಿಯವರೆದುರು ನಿಂತು ಈ ಗಾದೆ ಹೇಳಲು ನಾಲಗೆ ಏಳುತ್ತದೆಯೇ? ಮಕ್ಕಳೆಲ್ಲ ಬೆಂಗಳೂರು ಸೇರಿ, ಮುದುಕರಿಬ್ಬರೇ ಉಳಿದ ಸಿದ್ದಾಪುರದ ಒಂಟಿಮನೆಯಲ್ಲಿ? ಉಂಡವನ ಬಾಯಲ್ಲಿ ಇದು ಬರೀ ಉಪಚಾರ. ಬುಟ್ಟಿ ಹಿಡಿದವಳೇ ಕೇಳಿದಾಗ ಮಾತಿನ ತೂಕವೇ ಬೇರೆ.

ಏಕೆಂದರೆ ಗಾದೆಯಲ್ಲಿರುವುದು ಪ್ರಶ್ನೆ, ಭರವಸೆಯಲ್ಲ. ಅದರಲ್ಲಿ ಅರ್ಧ ದೂರೂ ಇದೆ: ಹುಟ್ಟಿಸಿದವನು ನೀನು, ಈಗ ಕೈಬಿಟ್ಟರೆ ಹೇಗೆ? ಋಣ ಇದ್ದವರ ಹತ್ತಿರ ಮಾತ್ರ ಹೀಗೆ ಜಗಳ ಆಡಲು ಬರುತ್ತದೆ.

ಇನ್ನೊಂದು ಸಂಗತಿ ಕ್ರಿಯಾಪದದಲ್ಲಿದೆ. ‘ಮೇಯುವುದು’ ಬೇರೆ, ‘ಮೇಯಿಸುವುದು’ ಬೇರೆ. ಬೆಟ್ಟಕ್ಕೆ ಬಿಟ್ಟ ದನ ತಾನೇ ಮೇಯುತ್ತದೆ. ಮೇಯಿಸುವವನಾದರೆ ಕಂಬಳಿಕೊಪ್ಪೆ ಹಾಕಿಕೊಂಡು ಮಳೆಯಲ್ಲೇ ನಿಂತಿರಬೇಕು. ದನದ ಕಣ್ಣಿಗೆ ಅವನು ಬೀಳದಿರಬಹುದು. ಕತ್ತಲಾಗುವಾಗ ಹೊಡೆದುಕೊಂಡು ಕೊಟ್ಟಿಗೆಗೆ ತರುವವನು ಅವನೇ. ಗಾದೆಗೆ ಅನುಮಾನವಿರುವುದು ಹುಲ್ಲಿನ ಬಗ್ಗೆ. ಮೇಯಿಸುವವನು ಜೊತೆಗಿದ್ದಾನೋ ಇಲ್ಲವೋ ಎಂಬ ಮಾತನ್ನೇ ಅದು ಎತ್ತುವುದಿಲ್ಲ. ಹುಲ್ಲೇ ಗತಿಯಾದರೂ ಮೇಯಿಸುವವನೊಬ್ಬ ಇದ್ದಾನೆ! ಗಾದೆ ಕಟ್ಟಿದವರು ಇಷ್ಟು ಯೋಚಿಸಿದ್ದರೋ ಇಲ್ಲವೋ, ದನ ಕಾದವರಂತೂ ಹೌದು.

ಕಣ್ಣಿಗೆ ಬೀಳದಿರುವುದೆಂದರೆ ಇಲ್ಲದಿರುವುದಲ್ಲ. ಶಿರಸಿಯ ಸೋಂದಾ ಹತ್ತಿರ ಶಾಲ್ಮಲಾ ಹೊಳೆಯ ಬಂಡೆಗಳಲ್ಲಿ ಅರಸ ಸದಾಶಿವರಾಯನ ಕಾಲದ (1678–1718) ಸಹಸ್ರಲಿಂಗಗಳಿವೆ. ಮಳೆಗಾಲದಲ್ಲಿ ಹೋದವರಿಗೆ ಕಾಣುವುದು ಕೆನ್ನೀರು, ಕೇಳುವುದು ಅದರ ಸದ್ದು. ಶಿವರಾತ್ರಿಗೆ ಹೋದರೆ ಕಾಲಿಡಲು ಜಾಗ ಹುಡುಕಬೇಕು. ಎಲ್ಲಿ ನೋಡಿದರೂ ಲಿಂಗ, ಬಸವ. ಕಾಣದ ತಿಂಗಳುಗಳಲ್ಲೂ ಅವು ಎಲ್ಲಿಗೂ ಹೋಗಿರುವುದಿಲ್ಲ.

ಆಯಿ ಆ ದಿನ ಎರಡು ಬುಟ್ಟಿ ಹೆಕ್ಕಿದಳು. ಒಲೆಯ ಮೇಲಿನ ಅಟ್ಟದಲ್ಲಿ ಹರವಿ, ಮಂಜುಗುಣಿ ವೆಂಕಟರಮಣನಿಗೆಂದು ಒಂದು ನಾಣ್ಯ ತೆಗೆದಿಟ್ಟಳು. ಆಮೇಲೆ ಕೊನೆಗೌಡನಿಗೆ ಫೋನ್ ಮಾಡೆಂದಳು.

“ನಾಳೆ ಹೊಳವಾಗಲೂ ಸಾಕು.”