ಕೈ ತುಂಬಿದಾಗಿನ ಶರಣು

 

ನಾನು ಐಟಿ ಸಪೋರ್ಟ್ ಕೆಲಸದವನು. ನೆಟ್‌ವರ್ಕ್ ಬಿದ್ದರೆ ಸಾಲು ಸಾಲು ಫೋನ್ ಬರುತ್ತವೆ. ಆರು ತಿಂಗಳು ಎಲ್ಲ ಸರಿಯಾಗಿ ನಡೆದರೆ ನಾವು ಇದ್ದೇವೋ ಇಲ್ಲವೋ ಅಂತ ಯಾರೂ ಕೇಳುವುದಿಲ್ಲ. ಕೆಲಸದ ಸ್ವಭಾವವೇ ಅದು, ಬೇಜಾರಿಲ್ಲ. ಆದರೆ ನಮ್ಮಲ್ಲಿ ಅನೇಕರು ದೇವರನ್ನೂ ಹೀಗೇ ಇಟ್ಟುಕೊಂಡಿದ್ದೇವೆ. ಮೊದಲ ಸಲ ಮಾಲೆ ಹಾಕುವ ಕನ್ನಿಸ್ವಾಮಿಯನ್ನು ಕೇಳಿ ನೋಡಿ: ಕೆಲಸ ಸಿಗಲಿ, ಅಪ್ಪನ ಆಪರೇಷನ್ ಚೆನ್ನಾಗಿ ಆಗಲಿ, ಅಕ್ಕನಿಗೆ ಸಂಬಂಧ ಕೂಡಿಬರಲಿ. ಇದರಲ್ಲಿ ತಪ್ಪೇನೂ ಇಲ್ಲ. ಕಷ್ಟದಲ್ಲಿ ಶರಣು ಕೂಗುವುದನ್ನು ಯಾರೂ ಕಲಿಸಬೇಕಾಗಿಲ್ಲ. ಕೆಲಸ ಸಿಕ್ಕಿ, ಸಂಬಳ ಏರಿ, ಬೈಕಿನ ಕಂತು ತೀರಿದ ಮೇಲೆ ಅದೇ ಶರಣಿಗೆ ಏನರ್ಥ?

ಇದಕ್ಕೆ ಉತ್ತರದಂಥದ್ದು ನನಗೆ ಸಿಕ್ಕಿದ್ದು ಎಲ್ಲೋರಾದಲ್ಲಿ. ಛತ್ರಪತಿ ಸಂಭಾಜಿನಗರದಿಂದ ಸುಮಾರು 30 ಕಿ.ಮೀ. ನಮ್ಮ ಸ್ವಾಮಿಗಳು ಆ ಕಡೆ ಬಂದರೆ ಘೃಷ್ಣೇಶ್ವರ ಜ್ಯೋತಿರ್ಲಿಂಗದ ದರ್ಶನ ಮುಗಿಸಿ ಗಾಡಿ ಹತ್ತಿಬಿಡುತ್ತಾರೆ. ಅಲ್ಲೇ ಹತ್ತಿರದ 16ನೇ ಗುಹೆ, ಕೈಲಾಸ ದೇವಾಲಯ, ಕನ್ನಡ ನಾಡಿನ ರಾಷ್ಟ್ರಕೂಟರದ್ದು. 8ನೇ ಶತಮಾನ. ದಂತಿದುರ್ಗ ಬಾದಾಮಿಯ ಚಾಲುಕ್ಯರನ್ನು ಸೋಲಿಸಿದ, ಅವನ ನಂತರ ಬಂದ ಚಿಕ್ಕಪ್ಪ ಒಂದನೇ ಕೃಷ್ಣ ಇದನ್ನು ಮಾಡಿಸಿದ. ಪಟ್ಟದಕಲ್ಲಿನ ವಿರೂಪಾಕ್ಷ ನೋಡಿದವರಿಗೆ ಹೋಲಿಕೆ ಕೂಡಲೇ ಗೊತ್ತಾಗುತ್ತದೆ. ವ್ಯತ್ಯಾಸ ಏನೆಂದರೆ ಇದನ್ನು ಕಟ್ಟಿಲ್ಲ, ಒಂದೇ ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿದು ಇಳಿಸಿದ್ದಾರೆ. ಒಂದು ಏಟು ಹೆಚ್ಚಾದರೆ ಮತ್ತೆ ಅಂಟಿಸುವ ಹಾಗಿಲ್ಲ. ನಮ್ಮ ಭಾಷೆಯಲ್ಲಿ ಹೇಳಿದರೆ, ಬ್ಯಾಕಪ್ ಇಲ್ಲದ ಕೆಲಸ.

ಅದರ ಗೋಡೆಯ ಮೇಲೆ ರಾವಣ ಕೈಲಾಸ ಅಲ್ಲಾಡಿಸುವ ದೊಡ್ಡ ಶಿಲ್ಪವಿದೆ. ಕಥೆ ಎಲ್ಲರಿಗೂ ಗೊತ್ತು, ಆದರೆ ಅದು ನಡೆದ ಸಮಯ ಗಮನಿಸಿ. ರಾವಣ ಆಗಷ್ಟೇ ಕುಬೇರನನ್ನು ಗೆದ್ದು ಪುಷ್ಪಕ ವಿಮಾನ ಕಿತ್ತುಕೊಂಡು ಬರುತ್ತಿದ್ದ. ಅವನ ಬದುಕಿನಲ್ಲೇ ಅತಿ ಸಮೃದ್ಧಿಯ ಕಾಲ ಅದು. ವಿಮಾನ ಕೈಲಾಸದ ಬಳಿ ನಿಂತಿತು, ಮುಂದೆ ದಾರಿಯಿಲ್ಲ ಎಂದು ನಂದಿ ಹೇಳಿದ. ಅಷ್ಟಕ್ಕೇ ಬೆಟ್ಟ ಕೀಳಲು ಹೋದ! ಶಿಲ್ಪದಲ್ಲಿ ಪಾರ್ವತಿ ಗಾಬರಿಯಿಂದ ಶಿವನ ಕಡೆ ವಾಲಿದ್ದಾಳೆ, ಶಿವ ಮಾತ್ರ ಆರಾಮಾಗಿ ಕೂತಿದ್ದಾನೆ. ಕಾಲ್ಬೆರಳಿನಿಂದ ಒತ್ತಿದ್ದೇ ಸಾಕಾಯಿತು. ರಾವಣನಿಗೆ ಭಕ್ತಿ ಬಂದದ್ದು ಕೈ ಸಿಕ್ಕಿಹಾಕಿಕೊಂಡ ಮೇಲೆ. ಅಂದರೆ ನಮ್ಮ ಹಾಗೆಯೇ, ನೆಟ್‌ವರ್ಕ್ ಬಿದ್ದ ಮೇಲೆ ಫೋನ್.

ಇನ್ನೊಬ್ಬನನ್ನೂ ನೋಡಿ. ಕ್ರಿ.ಶ. 812ರ ಸುಮಾರಿನ ವಡೋದರಾ ತಾಮ್ರಶಾಸನದಲ್ಲಿ ಕೃಷ್ಣರಾಜ ಮಾಡಿಸಿದ ಈ ದೇವಾಲಯದ ವರ್ಣನೆ ಬರುತ್ತದೆ. ವಿಮಾನದಲ್ಲಿ ಹೋಗುವ ದೇವತೆಗಳೇ ಇದು ತಾನಾಗಿ ಹುಟ್ಟಿದ್ದಿರಬೇಕು ಎಂದು ಬೆರಗಾದರಂತೆ. ಮಾಡಿದ ಶಿಲ್ಪಿಯೇ, ಇದನ್ನು ನಾನು ಹೇಗೆ ಮಾಡಿದೆ, ಇನ್ನೊಮ್ಮೆ ನನ್ನಿಂದ ಆಗದು ಎಂದು ಆಶ್ಚರ್ಯಪಟ್ಟನಂತೆ. ಅವನ ಹೆಸರನ್ನು ಶಾಸನ ಹೇಳುವುದಿಲ್ಲ. ಇದು ಅರಸನನ್ನು ಹೊಗಳಲು ಬರೆದದ್ದು, ಒಪ್ಪುತ್ತೇನೆ. ಬೆಟ್ಟವನ್ನೇ ಕಡಿಸಿದ ಅರಸ ವಿನಯವಂತನಾಗಿದ್ದನೇ ಎಂದು ಕೇಳಿದರೆ ನಾನು ಜಾಮೀನು ನಿಲ್ಲುವುದಿಲ್ಲ. ಶಿಲ್ಪಿಯ ಆ ಮಾತು ಮಾತ್ರ ನನ್ನನ್ನು ಬಿಟ್ಟಿಲ್ಲ. ಅವನು 'ನಾನೇನೂ ಮಾಡಿಲ್ಲ' ಎಂದು ಸುಳ್ಳು ವಿನಯ ತೋರಿಸಲಿಲ್ಲ. ಮಾಡಿದ್ದು ನಾನೇ, ಆದರೆ ನನ್ನ ಕೈಯ ಲೆಕ್ಕಕ್ಕೆ ಮೀರಿದ್ದು ಇಲ್ಲಿದೆ ಎಂದ. ಅದೂ ಕೆಲಸ ಗೆದ್ದ ಮೇಲೆ, ಎಲ್ಲರೂ ಹೊಗಳುತ್ತಿರುವಾಗ.

ಇಲ್ಲಿ ಒಂದು ಅಪಾಯವೂ ಇದೆ. 'ಎಲ್ಲ ಅಯ್ಯಪ್ಪ ಕೊಟ್ಟದ್ದು' ಎಂಬ ಮಾತೂ ಜಂಬವಾಗಬಹುದು. ನನ್ನ ಜೊತೆ ಡಿಪ್ಲೊಮಾ ಮಾಡಿದ ಸ್ವಾಮಿಯೊಬ್ಬರು ನನ್ನಷ್ಟೇ ಓದಿದವರು, ನನಗಿಂತ ಕಟ್ಟುನಿಟ್ಟಾಗಿ 41 ದಿನ ವ್ರತ ಮಾಡುವವರು. ಈಗ ಅವರಿಗೆ ಕೆಲಸವಿಲ್ಲ. ಅವರ ಎದುರು ನನ್ನ ಸಂಬಳವನ್ನು ಕೃಪೆ ಎಂದರೆ, ಅವರಿಗೆ ಕೃಪೆ ಇಲ್ಲ ಎಂದ ಹಾಗಾಗುವುದಿಲ್ಲವೇ? ಕೃಪೆ ಎಂದ ಮೇಲೆ ಅದು ನನ್ನ ಅರ್ಹತೆಗೆ ಸಿಕ್ಕ ಬಹುಮಾನವಲ್ಲ. ಬಹುಮಾನವಲ್ಲದ್ದನ್ನು ನನ್ನೊಬ್ಬನದೇ ಎಂದು ಬಿಗಿ ಹಿಡಿಯಲು ನನಗೇನು ಹಕ್ಕು? ಅವರ ಈ ವರ್ಷದ ಯಾತ್ರೆಯ ಖರ್ಚು ನಾನು ಕೊಟ್ಟರೆ ಅದನ್ನು ಉಪಕಾರ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ನಮ್ಮ ಇರುಮುಡಿ ಕಟ್ಟುವ ಕ್ರಮವೂ ಇದನ್ನೇ ಹೇಳುತ್ತದೆ ಅನಿಸುತ್ತದೆ. ಎಷ್ಟೇ ಅನುಕೂಲಸ್ಥರಾದರೂ ಮುಡಿಗೆ ಅಕ್ಕಿ ಬೀಳುವುದು ಮನೆಯವರ, ಸ್ನೇಹಿತರ ಹಿಡಿಯಿಂದ. ಮುಂದಿನ ಭಾಗ ಸ್ವಾಮಿಗೆ, ಹಿಂದಿನದು ನಮಗೆ. ವ್ರತದಲ್ಲಿ ನಾವು ಉಣ್ಣುವ ಊಟಕ್ಕೆ ಹೆಸರೇ ಭಿಕ್ಷೆ. ಹೋಟೆಲ್ ಮಾಲೀಕರೂ ಅವರ ಹೋಟೆಲಿನ ಸಪ್ಲೈಯರ್ ಹುಡುಗನೂ ಒಂದೇ ಪಂಕ್ತಿಯಲ್ಲಿ ಕೂತು ಅದನ್ನು ಉಣ್ಣುತ್ತಾರೆ, ಒಬ್ಬರನ್ನೊಬ್ಬರು ಸ್ವಾಮಿ ಎನ್ನುತ್ತಾರೆ. ಮಾಲೆ ತೆಗೆದ ಮಾರನೇ ದಿನ ಆ ಹುಡುಗ ಟೇಬಲ್ ಒರೆಸುತ್ತಿರುವಾಗ ಮಾಲೀಕರು ಅವನನ್ನು ಏನೆಂದು ಕರೆಯುತ್ತಾರೆ?