ಹಿಂದೆ ನಿಂತ ಹುಡುಗ

ಬೆಂಗಳೂರಿನ ಆಸ್ಟಿನ್ ಟೌನ್ ಕಡೆ ಫುಟ್‌ಬಾಲ್ ಆಡುವ ಮಕ್ಕಳಿಗೆ ಬರವಿಲ್ಲ. ಅಲ್ಲಿ 14 ವರ್ಷದೊಳಗಿನ ಹುಡುಗರಿಗೆ ನಾನು ವಾರಕ್ಕೆ ಮೂರು ಸಂಜೆ ಆಟ ಹೇಳಿಕೊಡುತ್ತೇನೆ. ನಾಲ್ವರು ಡಿಫೆಂಡರುಗಳ ಕೈಗೆ ಒಂದೇ ಹಗ್ಗ ಕೊಟ್ಟು ಓಡಿಸುವುದು ನಮ್ಮ ಮೊದಲ ಪಾಠ. ಎದುರಾಳಿ ಚೆಂಡನ್ನು ಹಿಂದಕ್ಕೆ ಆಡಿದರೆ ನಾಲ್ವರೂ ಮುಂದೆ ಬರಬೇಕು. ಅವನಿಗೆ ತಲೆಯೆತ್ತಿ ನೋಡಲು ಬಿಡುವು ಸಿಕ್ಕರೆ ನಾಲ್ವರೂ ಹಿಂದೆ ಸರಿಯಬೇಕು. ಹಗ್ಗ ಜೋತು ಬೀಳಬಾರದು, ಕೈಯಿಂದ ಜಾರಲೂಬಾರದು.

ಇದರ ಹಿಂದಿರುವುದು ಆಫ್‌ಸೈಡ್ ನಿಯಮ. ಚೆಂಡು ಒದೆಯುವ ಕ್ಷಣದಲ್ಲಿ ಮುನ್ನುಗ್ಗುವವನು ಚೆಂಡಿಗಿಂತಲೂ, ಎದುರು ತಂಡದ ಕೊನೆಯ ಇಬ್ಬರಲ್ಲಿ ಮುಂದಿರುವವನಿಗಿಂತಲೂ ಗೋಲಿಗೆ ಹತ್ತಿರವಿರಬಾರದು. 1925ರವರೆಗೆ ಇಬ್ಬರಲ್ಲ, ಮೂವರ ಲೆಕ್ಕವಿತ್ತು. ಇಬ್ಬರಲ್ಲಿ ಒಬ್ಬ ಸಾಮಾನ್ಯವಾಗಿ ಗೋಲ್‌ಕೀಪರ್. ಹಾಗಾಗಿ ಮೂವರು ಮುಂದೆ ಬಂದು ಒಬ್ಬನೇ ಹಿಂದುಳಿದರೂ ಮೂವರ ಶ್ರಮ ದಂಡ.

ಕಳೆದ ತಿಂಗಳ ಪಂದ್ಯದಲ್ಲಿ ಆದದ್ದು ಅದೇ. ಎಡಬದಿಯ ಹುಡುಗ ಹಿಂದೆ ನಿಂತ, ಗೋಲಾಯಿತು, ಸೋತೆವು. ಎಲ್ಲರೆದುರು ಬೈದೆ. "ಯಾಕೋ ಬರ್ಲಿಲ್ಲ?"

ತಲೆ ತಗ್ಗಿಸಿಯೇ ಹೇಳಿದ: "ಹೋದ ವಾರ ನಾನು ಬಂದಿದ್ದೆ ಸಾರ್. ಇವ್ರು ಯಾರೂ ಬರ್ಲಿಲ್ಲ. ಅವತ್ತೂ ಬೈಸ್ಕೊಂಡಿದ್ದು ನಾನೇ."

ಆ ರಾತ್ರಿ ನಿದ್ದೆ ಬರಲಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಅರಿಗೊ ಸಾಕ್ಕಿ ಮಿಲಾನ್ ತಂಡಕ್ಕೆ ಚೆಂಡೇ ಇಲ್ಲದೆ ಆಡಿಸಿ ಒಟ್ಟಿಗೆ ಚಲಿಸುವುದನ್ನು ಕಲಿಸಿದ ಕತೆಯನ್ನು ಹುಡುಗರಿಗೆ ಎಷ್ಟೋ ಸಲ ಹೇಳಿದ್ದೇನೆ. ಆದರೆ ಹಗ್ಗ ಅಂತರವನ್ನು ಕಲಿಸುತ್ತದೆ, ನಂಬಿಕೆಯನ್ನಲ್ಲ. ಮುಂದೆ ಬರುವವನು ತನ್ನ ಬೆನ್ನ ಹಿಂದಿನ ಜಾಗವನ್ನು ಖಾಲಿ ಬಿಟ್ಟು ಬರುತ್ತಾನೆ. ಉಳಿದವರು ಕೈಕೊಟ್ಟರೆ ಅಪರಾಧಿಯಂತೆ ಕಾಣುವವನು ಅವನೇ. ಒಗ್ಗಟ್ಟಾಗಿರಿ ಎನ್ನುವುದು ಸುಲಭ. ಆದರೆ ಹಾಗೆ ಕೇಳುವ ಹಕ್ಕು, ಸೋಲನ್ನು ತನ್ನ ತಲೆಗೆ ಹಾಕಿಕೊಳ್ಳದವನಿಗೆ ಇದೆಯೇ?

ಹಾಗಂತ ಎಲ್ಲರೂ ಹೋದ ಕಡೆ ಹೋಗುವುದೇ ಒಗ್ಗಟ್ಟಲ್ಲ. ಅದು ಕುರಿಮಂದೆಗೂ ಗೊತ್ತು. ಈಗ ನಮ್ಮಲ್ಲಿ ಎರಡು ನಿಯಮಗಳಿವೆ. ಅಪಾಯ ಕಂಡವನು ಕೂಗಬೇಕು. ಕೂಗಿದರೆ ನಾಲ್ವರೂ ನಿಲ್ಲಬೇಕು. ಒಟ್ಟಿಗೆ ಹೋಗಿ ಗೋಲು ತಿಂದರೆ ತಪ್ಪು ನನ್ನದು.

ಆ ಹುಡುಗ ಈಗ ಮುಂದೆ ಬರುತ್ತಾನೆ. ಆದರೂ ಹೆಜ್ಜೆ ಎತ್ತುವ ಮೊದಲು ಒಮ್ಮೆ ಪಕ್ಕಕ್ಕೆ ನೋಡುತ್ತಾನೆ. ಆ ನೋಟ ಹೋಗಲು ಎಷ್ಟು ದಿನ ಬೇಕೋ, ಅಷ್ಟು ದಿನ ನಾನು ಕೊಟ್ಟ ಮಾತು ಉಳಿಸಿಕೊಳ್ಳಬೇಕು.