ಹೆಸರು ಹಿಡಿದು ಕರೆಯುವ ಪ್ರೀತಿ



ನಿಮ್ಮ ಮನೆಯಿಂದ ದೇವಾಲಯಕ್ಕೆ ಬರುವ ದಾರಿಯಲ್ಲಿ ಎಷ್ಟು ಬಗೆಯ ಗಿಡಗಳಿವೆ? ಅವುಗಳಲ್ಲಿ ಎಷ್ಟರ ಹೆಸರು ನಿಮಗೆ ಗೊತ್ತು? ನಿಮ್ಮ ಮಕ್ಕಳಿಗೆ ಎಷ್ಟರ ಹೆಸರು ಗೊತ್ತು? ಈ ಮೂರು ಪ್ರಶ್ನೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದೆ ಓದಿರಿ. ಇದು ಶಾಲೆಯ ಪರೀಕ್ಷೆಯ ಪ್ರಶ್ನೆಯಲ್ಲ, ನಮ್ಮ ವಿಶ್ವಾಸಕ್ಕೆ ಸಂಬಂಧಪಟ್ಟ ಪ್ರಶ್ನೆ.

ಪ್ರತಿ ಭಾನುವಾರ ಬಲಿಪೂಜೆಯಲ್ಲಿ ನಾವೆಲ್ಲರೂ ಎದ್ದು ನಿಂತು ದೇವರನ್ನು ಸೃಷ್ಟಿಕರ್ತನೆಂದು ಸಾರುತ್ತೇವೆ. ಒಬ್ಬ ಬಡಗಿಯನ್ನು ಬಹಳ ಹೊಗಳಿ, ಅವನು ಮಾಡಿದ ಒಂದು ಬಾಗಿಲನ್ನೂ ತಿರುಗಿ ನೋಡದವರ ಹೊಗಳಿಕೆಗೆ ಏನು ಬೆಲೆ? ಸೃಷ್ಟಿಯನ್ನು ನೋಡದೆ ಸೃಷ್ಟಿಕರ್ತನನ್ನು ಕೊಂಡಾಡುವ ನಮ್ಮ ಮಾತೂ ಹಾಗೆಯೇ ತುಟಿಯ ಮೇಲೆ ಉಳಿದುಬಿಡಬಹುದು.

ಕೋಡ್ಲಾದ ತೊಗರಿ ಹೊಲದ ಬದುವಿನ ಮೇಲೆ ತಂದೆಯ ಕೈ ಹಿಡಿದು ಹೋಗುವ ಮಗುವನ್ನು ನೆನೆಸಿಕೊಳ್ಳಿ. "ಅಪ್ಪಾ, ಇದು ಯಾವ ಗಿಡ?" ಎಂದು ಅದು ಕೇಳುತ್ತದೆ. "ಯಾವ್ದೋ ಗಿಡ ಅದ, ನಡಿ" ಎಂದು ಉತ್ತರ ಬರುತ್ತದೆ. ತಂದೆಗೆ ಅವಸರವಿದೆ, ಕಾರ್ಖಾನೆಯ ಪಾಳಿಗೆ ಹೊತ್ತಾಗಿದೆ. ಆದರೆ ಅದೇ ಮನೆಯ ಅಜ್ಜಿಗೆ ಆ ಗಿಡ ಗೊತ್ತಿತ್ತು. ಬಿಳಿ ಹೂವಿನ ತುಂಬೆ, ಬಟ್ಟೆಗೆ ಅಂಟುವ ಉತ್ತರಾಣಿ, ಹಳದಿ ಹೂ ಬಿಡುವ ತಂಗಡಿ, ಎಲೆ ಉದುರಿದ ಮೇಲೆ ಕೆಂಡದಂತೆ ಹೂ ಬಿಡುವ ಮುತ್ತಲ, ಎಲ್ಲವನ್ನೂ ಆಕೆ ಬಲ್ಲಳು. ಹಕ್ಕರಕಿಯನ್ನು ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನಬಹುದೆಂದು ಆಕೆಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ಆಕೆಯ ಮೊಮ್ಮಗನಿಗೆ ಹತ್ತು ಬಗೆಯ ಮೊಬೈಲಿನ ಹೆಸರು ಗೊತ್ತು, ಬದುವಿನ ಮೇಲಿನ ಹತ್ತು ಗಿಡಗಳ ಹೆಸರು ಗೊತ್ತಿಲ್ಲ. ಒಂದು ತಲೆಮಾರಿನಲ್ಲಿ ಹೆಸರು ಹೋಗುತ್ತದೆ, ಮುಂದಿನ ತಲೆಮಾರಿನಲ್ಲಿ ಗಿಡವೇ ಹೋಗುತ್ತದೆ. ಹೆಸರೇ ಗೊತ್ತಿಲ್ಲದ್ದನ್ನು ಕಡಿಯುವಾಗ ಯಾರ ಕೈಯೂ ನಡುಗುವುದಿಲ್ಲ.

ತೋಟವೇ ಪಾಠಶಾಲೆ

ಈ ಮರೆವಿಗೆ ಮದ್ದಾಗಿ ಜಗತ್ತಿನ ಅನೇಕ ಊರುಗಳಲ್ಲಿ ಸಸ್ಯತೋಟಗಳಿವೆ. ನಮ್ಮ ನಾಡಿನಲ್ಲಿ ಎಲ್ಲರಿಗೂ ಗೊತ್ತಿರುವುದು ಬೆಂಗಳೂರಿನ ಲಾಲ್‌ಬಾಗ್. 1760ರಲ್ಲಿ ಹೈದರಾಲಿ ಆರಂಭಿಸಿದ ಈ ತೋಟ ಇಂದು 240 ಎಕರೆಯಷ್ಟು ಹರಡಿದೆ. ಅಲ್ಲಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನ ನೋಡಲು ನಮ್ಮ ಕಡೆಯಿಂದಲೂ ಜನ ಹೋಗುತ್ತಾರೆ.

ಹೂ ನೋಡಿ ಫೋಟೊ ತೆಗೆಸಿಕೊಂಡು ಬರುವವರಿಗೆ ಕಾಣದ ಇನ್ನೊಂದು ಕೆಲಸವೂ ಅಲ್ಲಿ ನಡೆಯುತ್ತದೆ. ತೋಟಗಾರಿಕೆ ಇಲಾಖೆ ರೈತರ ಮಕ್ಕಳಿಗೆ ಹತ್ತು ತಿಂಗಳ ತರಬೇತಿ ಕೊಡುತ್ತದೆ. ಮನೆಯ ಮುಂದೆ ಕೈತೋಟ, ತಾರಸಿಯ ಮೇಲೆ ತರಕಾರಿ ಬೆಳೆಯುವುದು ಹೇಗೆಂದು ಸಾರ್ವಜನಿಕರಿಗೂ ಕಲಿಸಲಾಗುತ್ತದೆ. ವಿಜಯ್ ತಿರುವಾಡಿ ಎಂಬವರು ಅನೇಕ ವರ್ಷ ಜನರನ್ನು ಆ ಮರಗಳ ನಡುವೆ ಕರೆದುಕೊಂಡು ಹೋಗಿ, ಒಂದೊಂದು ಮರದ ಕಥೆ ಹೇಳಿದರು. 2014ರಲ್ಲಿ ಬೆಂಗಳೂರಿನ ಮರಪ್ರೇಮಿಗಳು 'ನೆರಳು' ಎಂಬ ಮರಗಳ ಹಬ್ಬವನ್ನೇ ಶುರುಮಾಡಿದರು. ಇಂಥ ಕಡೆ ತಂದೆ, ತಾಯಿ, ಮಕ್ಕಳು ಒಟ್ಟಿಗೆ ನಡೆಯುತ್ತಾರೆ, ಒಟ್ಟಿಗೆ ತಲೆ ಎತ್ತಿ ನೋಡುತ್ತಾರೆ. ಗೊತ್ತಿಲ್ಲದ್ದನ್ನು ತಂದೆಯೂ ಮಗನ ಎದುರಿಗೇ ಕೇಳಿ ತಿಳಿದುಕೊಳ್ಳುತ್ತಾನೆ. ಮಗನಿಗೆ ಅದಕ್ಕಿಂತ ದೊಡ್ಡ ಪಾಠ ಬೇಕೆ?

ಪವಿತ್ರ ಗ್ರಂಥ ಬಲ್ಲವರಿಗೆ ಇದು ಹೊಸದೇನಲ್ಲ. ಅರಸುಗಳ ಮೊದಲನೆಯ ಗ್ರಂಥದ ನಾಲ್ಕನೆಯ ಅಧ್ಯಾಯವನ್ನು ತೆಗೆದು ನೋಡಿ. ಸೊಲೊಮೋನ ಅರಸನು ಲೆಬನೋನಿನ ದೊಡ್ಡ ದೇವದಾರು ಮರದಿಂದ ಹಿಡಿದು ಗೋಡೆಯ ಸಂದಿಯಲ್ಲಿ ಹುಟ್ಟುವ ಸಣ್ಣ ಗಿಡದವರೆಗೆ ವಿವರಿಸಿ ಹೇಳುತ್ತಿದ್ದನಂತೆ. ಅದನ್ನು ಕೇಳಲು ದೇಶದೇಶಗಳಿಂದ ಜನ ಬರುತ್ತಿದ್ದರಂತೆ. ದೇವರು ಕೊಟ್ಟ ಜ್ಞಾನದ ಗುರುತಾಗಿ ಗ್ರಂಥಕರ್ತನು ಗೋಡೆಯ ಸಂದಿಯ ಗಿಡವನ್ನೂ ಎಣಿಸಿರುವುದನ್ನು ಗಮನಿಸಿರಿ.

ಸೊಲೊಮೋನನಿಗಿಂತ ದೊಡ್ಡವರಾದ ಪ್ರಭು ಯೇಸು ಗುಡ್ಡದ ಮೇಲೆ ಬೋಧಿಸುವಾಗ ಹಕ್ಕಿಗಳನ್ನು ತೋರಿಸಿದರು, ಹೊಲದ ಹೂಗಳನ್ನು ತೋರಿಸಿದರು. ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಹೂಗಳ ಬಗ್ಗೆ ಹೇಳುವಾಗ ಮೂಲ ಗ್ರೀಕಿನಲ್ಲಿ ಬಳಸಿರುವ ಶಬ್ದಕ್ಕೆ 'ಚೆನ್ನಾಗಿ ಕಲಿತುಕೊಳ್ಳಿ' ಎಂಬ ಅರ್ಥವಿದೆ. ಒಂದು ಸಲ ನೋಡಿ ಮುಂದೆ ಹೋದರೆ ಸಾಲದು. ವಿದ್ಯಾರ್ಥಿ ಪಾಠ ಕಲಿಯುವಂತೆ ಆ ಹೂವನ್ನು ಕಲಿಯಬೇಕು. ನಾಳೆಯ ಚಿಂತೆಯಲ್ಲಿ ಬೆಂದವರಿಗೆ ಪ್ರಭು ಕೊಟ್ಟ ಔಷಧ ಅದು. ತಂದೆಯಾದ ದೇವರ ಕಾಳಜಿಯನ್ನು ಹೂವಿನ ದಳದಲ್ಲಿ ಓದಿಕೊಳ್ಳಿ ಎಂದು ಅವರು ಹೇಳಿದರು.

ಧರ್ಮಸಭೆ ಈ ಪಾಠವನ್ನು ಬಿಟ್ಟುಕೊಟ್ಟಿಲ್ಲ. ನಮ್ಮ ಅರಿವೆಲ್ಲ ಇಂದ್ರಿಯಗಳಿಂದ ಆರಂಭವಾಗುತ್ತದೆ ಎಂದು ಸಂತ ಥಾಮಸ್ ಅಕ್ವಿನಾಸರು ಕಲಿಸಿದರು. ಪ್ರತಿಯೊಂದು ಸೃಷ್ಟಿಯಲ್ಲಿಯೂ ದೇವರ ಹೆಜ್ಜೆಗುರುತಿದೆ ಎಂದು ಸಂತ ಬೊನವೆಂಚರರು ಕಂಡರು. ಅನುವಂಶೀಯತೆಯ ನಿಯಮಗಳನ್ನು ಕಂಡುಹಿಡಿದು 1866ರಲ್ಲಿ ಪ್ರಕಟಿಸಿದ ಗ್ರೆಗರ್ ಮೆಂಡೆಲ್ ಮಠದ ತೋಟದಲ್ಲಿ ಬಟಾಣಿ ಬೆಳೆದ ಅಗಸ್ಟೀನ್ ಸಭೆಯ ಗುರು. ನಮ್ಮ ನಾಡಿನಲ್ಲಿಯೂ ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನ ಯೇಸುಸಭೆಯ ಗುರು ಫಾದರ್ ಸೆಸಿಲ್ ಸಲ್ಡಾನ್ಹ ಇದ್ದರು. ಅವರು ಹಾಸನ ಜಿಲ್ಲೆಯ ಸಸ್ಯಗಳ ಕುರಿತ ಗ್ರಂಥವನ್ನು ಅಮೆರಿಕದ ಡಾನ್ ನಿಕೋಲ್ಸನ್ ಅವರೊಡನೆ ಸೇರಿ 1976ರಲ್ಲಿ ಹೊರತಂದರು. 1984ರಲ್ಲಿ ಕರ್ನಾಟಕದ ಸಸ್ಯಗಳ ಗ್ರಂಥದ ಮೊದಲ ಸಂಪುಟ ಪ್ರಕಟವಾಯಿತು. ಒಬ್ಬ ಗುರು ತನ್ನ ಆಯುಷ್ಯದ ಅಷ್ಟು ವರ್ಷಗಳನ್ನು ಗಿಡಗಳ ಹೆಸರು ಬರೆಯುವುದಕ್ಕೆ ಕೊಟ್ಟದ್ದು ವ್ಯರ್ಥವಲ್ಲ, ಅದೂ ಒಂದು ಸ್ತುತಿಯೇ. ರೋಮ್ ಸಮೀಪದ ಕಾಸ್ತೆಲ್ ಗಂದೊಲ್ಫೊದಲ್ಲಿ ಜಗದ್ಗುರುಗಳ ತೋಟವೇ ಈಗ ಪಾಠಶಾಲೆಯಾಗಿದೆ. ಜಗದ್ಗುರು ಫ್ರಾನ್ಸಿಸರು 2023ರಲ್ಲಿ ಆರಂಭಿಸಿದ ಈ ಕೆಲಸವನ್ನು 2025ರ ಸೆಪ್ಟೆಂಬರ್ 5ರಂದು ಜಗದ್ಗುರು ಹದಿನಾಲ್ಕನೆಯ ಲಿಯೊ ಉದ್ಘಾಟಿಸಿದರು. ಸುಮಾರು 55 ಹೆಕ್ಟೇರಿನ ಆ ಜಾಗದಲ್ಲಿ ಕೆಲಸವಿಲ್ಲದವರಿಗೂ ನಿರಾಶ್ರಿತರಿಗೂ ತೋಟಗಾರಿಕೆ ಕಲಿಸುವ ವ್ಯವಸ್ಥೆಯಿದೆ.

ನಮ್ಮ ಹತ್ತಿರ ಏನಿದೆ?

"ಫಾದರ್, ಲಾಲ್‌ಬಾಗ್ ಎಲ್ಲಿ, ನಮ್ಮ ಕೋಡ್ಲಾ ಎಲ್ಲಿ? ರಾತ್ರಿಯೆಲ್ಲ ರೈಲಿನಲ್ಲಿ ಕೂತು ಗಿಡ ನೋಡಲು ಹೋಗೋಣವೆ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಕಡೆಯ ನಮಗೆ ಹಸಿರಿಗಿಂತ ಧೂಳಿನ ಪರಿಚಯವೇ ಹೆಚ್ಚು. ನಮ್ಮ ಮನೆಯ ನೆಲಕ್ಕೆ ಹಾಸಿದ ಶಹಾಬಾದ ಕಲ್ಲು ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ರೂಪುಗೊಂಡ ಸುಣ್ಣಕಲ್ಲು. ಅದೇ ಕಲ್ಲು ಸಿಮೆಂಟಾಗಿ ಊರೂರಿಗೆ ಹೋಗುತ್ತದೆ, ನಮ್ಮ ಅನೇಕ ಮನೆಗಳ ಒಲೆ ಅದರಿಂದಲೇ ಉರಿಯುತ್ತದೆ. ಅನ್ನ ಕೊಡುವ ದುಡಿಮೆಯನ್ನು ನಿಂದಿಸಲು ನಾನು ಇದನ್ನು ಬರೆಯುತ್ತಿಲ್ಲ. ಆದರೆ ನೆಲವನ್ನು ಟನ್ನಿನ ಲೆಕ್ಕದಲ್ಲಿ ಮಾತ್ರ ನೋಡಿ ಬೆಳೆದ ಮಗುವಿಗೆ ಆ ನೆಲದ ಮೇಲೆ ಪ್ರೀತಿ ಹುಟ್ಟುವುದಾದರೂ ಹೇಗೆ? ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ದೇವರು ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ಅದನ್ನು ವ್ಯವಸಾಯ ಮಾಡುವುದಕ್ಕೆ ಮತ್ತು ಕಾಯುವುದಕ್ಕೆ. ಮೊದಲನೆಯದನ್ನು ನಾವು ಚೆನ್ನಾಗಿ ಕಲಿತಿದ್ದೇವೆ, ಎರಡನೆಯದು ಬಾಕಿ ಇದೆ.

ನಮ್ಮ ಹತ್ತಿರ ಏನೂ ಇಲ್ಲವೆಂಬುದು ನಿಜವಲ್ಲ. ಗುಲ್ಬರ್ಗ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗಕ್ಕೆ ತನ್ನದೇ ಆದ ಸಸ್ಯತೋಟವಿದೆ. ಅದೇ ವಿಶ್ವವಿದ್ಯಾಲಯದಿಂದ ಸೀತಾರಾಮ್, ಕೊಟ್ರೇಶ ಮತ್ತು ಉಪ್ಲಾಂವ್ಕರ್ ಅವರು ನಮ್ಮ ಜಿಲ್ಲೆಯ ಸಸ್ಯಗಳನ್ನು ಕುರಿತ ಗ್ರಂಥವನ್ನು 2000ದಲ್ಲಿ ಹೊರತಂದರು. ಬರಡು ಎಂದು ನಾವೇ ಹೀಗಳೆಯುವ ಈ ಸೀಮೆಯ ಗಿಡಗಳಿಗೆ ಒಂದು ಪುಸ್ತಕವೇ ಬೇಕಾಯಿತು! ಚಿಂಚೋಳಿಯ ಕಾಡನ್ನು 2011ರಲ್ಲಿ ವನ್ಯಧಾಮವೆಂದು ಘೋಷಿಸಲಾಯಿತು, ಅದರ ವಿಸ್ತಾರ ಸುಮಾರು 134 ಚದರ ಕಿಲೋಮೀಟರ್. ಅಲ್ಲಿ ಶ್ರೀಗಂಧವಿದೆ, ರಕ್ತಚಂದನವಿದೆ, ಚಂದ್ರಂಪಳ್ಳಿಯ ಕೆರೆಯಿದೆ. ಶಾಲೆಯ ಮಕ್ಕಳನ್ನು ಕಾಡಿಗೆ ಕರೆದೊಯ್ಯಲು ಅರಣ್ಯ ಇಲಾಖೆ 'ಚಿಣ್ಣರ ವನ ದರ್ಶನ' ಎಂಬ ಕಾರ್ಯಕ್ರಮ ಮಾಡಿದೆ. ನಿಮ್ಮ ಮಕ್ಕಳ ಶಾಲೆಯಲ್ಲಿ ಅದರ ಬಗ್ಗೆ ಕೇಳಿ ನೋಡಿರಿ.

ಹೆಸರು ತಿಳಿದರೆ ಏನು ಲಾಭ ಎನ್ನುವವರಿಗೆ ಒಂದು ಉದಾಹರಣೆ. ನಮ್ಮ ಕರಿಜಾಲಿಯೂ ಹಸಿರು, ಹೊರದೇಶದಿಂದ ಬಂದ ಬಳ್ಳಾರಿ ಜಾಲಿಯೂ ಹಸಿರು. ಆದರೆ ಬಳ್ಳಾರಿ ಜಾಲಿ ಹಬ್ಬಿದ ಕಡೆ ಬೇರೆ ಗಿಡಗಳಿಗೆ ಜಾಗ ಉಳಿಯುವುದಿಲ್ಲ. ಹೆಸರು ಬಲ್ಲವನಿಗೆ ವ್ಯತ್ಯಾಸ ಕಾಣುತ್ತದೆ, ಉಳಿದವರಿಗೆ ಎರಡೂ ಒಂದೇ. ಪ್ರತಿ ವರ್ಷ ಜೂನ್ 5ರಂದು ನಾವು ಸಸಿ ನೆಡುತ್ತೇವೆ, ಫೋಟೊ ಬರುತ್ತದೆ. ಅದಕ್ಕೆ ಮಾರ್ಚಿಯಲ್ಲಿ, ಏಪ್ರಿಲ್‌ನಲ್ಲಿ ನೀರು ಹಾಕುವವರು ಯಾರು? ಹೆಸರು ತಿಳಿಯದೆ ನೆಟ್ಟ ಸಸಿ ಅನಾಥ ಶಿಶುವಿನಂತೆ. ನಮ್ಮ ಬಿಸಿಲಿನಲ್ಲಿ ಅದು ಎಷ್ಟು ದಿನ ಬದುಕೀತು?

ಜಗದ್ಗುರು ಫ್ರಾನ್ಸಿಸರು 2015ರ ತಮ್ಮ 'ಲೌದಾತೊ ಸಿ' ವಿಶ್ವಪತ್ರದಲ್ಲಿ, ಪ್ರತಿವರ್ಷ ಸಾವಿರಾರು ಜೀವಜಾತಿಗಳು ಅಳಿದುಹೋಗುತ್ತಿವೆ, ಅವನ್ನು ನಮ್ಮ ಮಕ್ಕಳು ಎಂದಿಗೂ ಕಾಣಲಾರರು ಎಂದು ದುಃಖಿಸಿದ್ದಾರೆ. ಅದೇ ಪತ್ರದ 213ನೆಯ ಪರಿಚ್ಛೇದದಲ್ಲಿ, ಸೃಷ್ಟಿಯನ್ನು ಗೌರವಿಸುವ ಮೊದಲ ಪಾಠ ಕುಟುಂಬದಲ್ಲಿಯೇ ಆಗಬೇಕೆಂದು ತಿಳಿಸಿದ್ದಾರೆ. ಸಸ್ಯತೋಟದ ತರಗತಿ ನಮಗೆ ಸಹಾಯ ಮಾಡಬಹುದು, ತಂದೆತಾಯಿಯ ಬದಲಿಗೆ ನಿಲ್ಲಲಾರದು.

ಆದ್ದರಿಂದ ಈ ತಿಂಗಳು ಪ್ರತಿಯೊಂದು ಕುಟುಂಬವೂ ಒಂದು ಭಾನುವಾರ ಪೂಜೆಯಾದ ಮೇಲೆ ಒಂದು ಗಂಟೆ ಒಟ್ಟಿಗೆ ನಡೆಯಲಿ. ಮೊಬೈಲು ಮನೆಯಲ್ಲಿರಲಿ, ಅಜ್ಜಿ ತಾತ ಜೊತೆಗಿರಲಿ. ಅಂದಿನ ಮಟ್ಟಿಗೆ ಅವರೇ ಗುರುಗಳು. ಐದು ಗಿಡಗಳ ಹೆಸರನ್ನು ನಮ್ಮ ಊರಿನ ಮಾತಿನಲ್ಲಿಯೇ ಮಕ್ಕಳು ಒಂದು ವಹಿಯಲ್ಲಿ ಬರೆದುಕೊಳ್ಳಲಿ. ಅವುಗಳಲ್ಲಿ ಒಂದನ್ನು ಮನೆಯವರೆಲ್ಲ ತಮ್ಮದೆಂದು ಒಪ್ಪಿಕೊಂಡು ಬೇಸಿಗೆ ಮುಗಿಯುವವರೆಗೆ ನೀರೆರೆಯಲಿ. ರಾತ್ರಿಯ ಜಪಮಾಲೆಯ ನಂತರ ಆ ಐದು ಹೆಸರುಗಳನ್ನು ಹೇಳಿ ದೇವರಿಗೆ ಕೃತಜ್ಞತೆ ಸಲ್ಲಿಸಲಿ. ಇದಕ್ಕೆ ಹಣ ಬೇಡ, ರೈಲಿನ ಟಿಕೆಟ್ಟೂ ಬೇಡ. ಬೇಕಾದದ್ದು ತಂದೆತಾಯಿಯ ಒಂದು ಗಂಟೆ. ಅದನ್ನು ಕೊಡುವುದೇ ಕಷ್ಟವೆಂದು ನಾನು ಬಲ್ಲೆ, ಅದಕ್ಕಾಗಿಯೇ ಅದು ಕಾಣಿಕೆ.

ಪುನರುತ್ಥಾನದ ಮುಂಜಾನೆಯನ್ನು ನೆನೆಯಿರಿ. ಯೊವಾನ್ನನ ಶುಭಸಂದೇಶದ ಪ್ರಕಾರ ಸಮಾಧಿಯಿದ್ದದ್ದು ತೋಟದಲ್ಲಿ. ಅಳುತ್ತಾ ನಿಂತಿದ್ದ ಮಗ್ದಲದ ಮರಿಯಳು ಪ್ರಭುವನ್ನು ಕಂಡು ತೋಟಗಾರನೆಂದುಕೊಂಡಳು. ಕಣ್ಣೆದುರಿಗೆ ನಿಂತಿದ್ದರೂ ಆಕೆಗೆ ಗುರುತು ಸಿಗಲಿಲ್ಲ. ಅವರು ಆಕೆಯನ್ನು ಹೆಸರು ಹಿಡಿದು ಕರೆದ ಕ್ಷಣದಲ್ಲಿ ಆಕೆಯ ಕಣ್ಣು ತೆರೆಯಿತು. ನಮ್ಮನ್ನೂ ಒಬ್ಬೊಬ್ಬರನ್ನಾಗಿ ಹೆಸರಿನಿಂದ ಬಲ್ಲ ದೇವರು, ತಮ್ಮ ಸೃಷ್ಟಿಗೆ ಹೆಸರಿಡುವ ಕೆಲಸವನ್ನು ಆದಾಮನಿಗೆ ಒಪ್ಪಿಸಿದರು. ಆ ಕೆಲಸ ಇನ್ನೂ ಮುಗಿದಿಲ್ಲ. ನಿಮ್ಮ ಮಗು ಬದುವಿನ ಮೇಲೆ ನಿಂತು "ಇದು ಯಾವ ಗಿಡ?" ಎಂದು ಕೇಳಿದಾಗ ದಯವಿಟ್ಟು ಒಂದು ನಿಮಿಷ ನಿಲ್ಲಿರಿ.

ಕರುಣಾಮಯರಾದ ದೇವರು ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ನೀವು ಕಾಯುವ ನೆಲವನ್ನೂ ಆಶೀರ್ವದಿಸಲಿ. ಆಮೆನ್.